ಒಗ್ಗರಣೆ ಸೌಟಿನಲ್ಲಿ ಸೀಸ

ಬೆಳಿಗ್ಗೆ ರಂಗೋಲಿ ಇಟ್ಟೆ, ಹಾಲು ಕಾಯಿಸಿದೆ, ದೋಸೆಗೆ ರುಬ್ಬಿದೆ, ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಲು ಹೊರಟು ಒಗ್ಗರಣೆ ಸೌಟು ಹುಡುಕಿದೆ. ಅದು ಹಿತ್ತಿಲಿನ ಇದ್ದಿಲೊಲೆಯ ಮೇಲಿತ್ತು. ನಮ್ಮ ಯಜಮಾನರು ಕೋವಿಗೆ ಗುಂಡು ಎರೆಯಲು ಅದರಲ್ಲಿ ಸೀಸ ಕರಗಿಸುತ್ತಿದ್ದರು.

ಅಮ್ಮ ನನ್ನ ಮದುವೆಯಲ್ಲಿ ಕೊಟ್ಟ ಕಬ್ಬಿಣದ ಸೌಟು. ಇನ್ನು ಅಡುಗೆಗೆ ಮುಟ್ಟುವ ಹಾಗಿಲ್ಲ.

"ತೊಳ್ದು ಕೊಡ್ತೀನಿ ಕಣೇ," ಅಂದರು. ಸೀಸ ತೊಳೆಯುತ್ತಾರಂತೆ!

ಕೋವಿ ಅವರ ತಾತ ಅರಮನೆ ಚಾಕರಿಯಲ್ಲಿದ್ದ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆಯಲ್ಲಿ ಸುತ್ತಿದ ಗುಂಡನ್ನು ಗಜ ಎನ್ನುವ ಉದ್ದ ಸಲಾಕೆಯಿಂದ ನೂಕಿ, ಹಿಂದುಗಡೆ ತೂತಿನ ಮೇಲೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಹೊಡೆಯಬೇಕು. ಲೈಸೆನ್ಸ್ ಇದೆ. ಆಯುಧಪೂಜೆಗೆ ಅವರೇ ಇಳಿಸಿ ಗಂಧ ಕುಂಕುಮ ಮೆತ್ತುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ದೇವರಮನೆಯ ಪಕ್ಕ ಅದು ನೇತಾಡುವುದನ್ನು ಕಂಡರೆ ನನಗಾಗದು. ಜಗಳವಾಡಿ ಒಂದು ಮಾತಿಗೆ ಬಂದಿದ್ದೆವು: ಮೂರು ಗುಂಡಿನಲ್ಲಿ ಒಂದಾದರೂ ಹಲಗೆಗೆ ಬಿದ್ದರೆ ಕೋವಿ ಮನೆಯಲ್ಲಿರಲಿ, ಇಲ್ಲದಿದ್ದರೆ ಠಾಣೆಗೆ ಒಪ್ಪಿಸುವುದು.

ಚಾಮುಂಡಿ ಬೆಟ್ಟದ ಆಚೆ ನನ್ನ ತಮ್ಮನ ಜಮೀನು. ಅಲ್ಲಿಯ ಹಳೆ ಕಲ್ಲುಗಣಿಯ ಗೋಡೆಗೆ ಹಲಗೆ ಒರಗಿಸಿದೆವು. ಇವರು ಹರಕು ಬನಿಯನ್ನಿನ ಚೂರುಗಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿದರು. ಬಟ್ಟೆ ಒದ್ದೆಯಿದ್ದರೆ ಗುಂಡು ಸಲೀಸಾಗಿ ಜಾರುತ್ತದಂತೆ. ಸೀಸ ಮುಟ್ಟಿದ ಬೆರಳು, ಮೇಲೆ ಎಂಜಲು.

"ಬನಿಯನ್ ಎಂಗದೆ ಭಾವ? ಉಪ್ಪು ಬೇಕಾ?" ಅಂದ ತಮ್ಮ.

ಮೊದಲ ಸಲ ಮದ್ದು ಕಮ್ಮಿಯಾಗಿ ಗುಂಡು ಹಲಗೆಯ ಮುಂದೆಯೇ ಮಣ್ಣು ಸೇರಿತು. ಎರಡನೆಯದಕ್ಕೆ ಮದ್ದು ಹೆಚ್ಚಿಸಿದರು. ಗುಂಡು ಹಲಗೆಯ ಮೇಲ್ಗಡೆ ಗೋಡೆಗೆ ಬಡಿದು ಕಲ್ಲು ಸಿಡಿಯಿತು. ಬಿಳಿ ಹೊಗೆ, ಕೊಳೆತ ಮೊಟ್ಟೆಯ ನಾತ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೂರನೆಯದಕ್ಕೆ ಕೇಪು ಟಪ್ಪೆಂದಿತು, ಗುಂಡು ಹಾರಲಿಲ್ಲ. ಇನ್ನೊಂದು ಕೇಪಿಟ್ಟರೂ ಅಷ್ಟೇ.

"ಏನಾಯ್ತು ನೋಡ್ತೀನಿ ಇರು," ಎಂದು ಕೋವಿ ತಿರುಗಿಸಿ ನಳಿಗೆಯ ಬಾಯಿಗೆ ಕಣ್ಣಿಡಲು ಬಗ್ಗಿದರು.

"ರೀ!" ಎಂದು ಕಿರುಚಿ ಅಂಗಿ ಹಿಡಿದೆಳೆದೆ. ತಮ್ಮ ಕೋವಿ ಕಿತ್ತುಕೊಂಡು ಗೋಡೆಯ ಕಡೆ ತಿರುಗಿಸಿದ.

"ತಲೆ ನೆಟ್ಟಗದಾ ಭಾವ? ಒಳ್ಗೆ ಗುಂಡು ಅದೆ!"

ತಡವಾಗಿ ಹಾರಿಬಿಟ್ಟೀತೆಂದು ಅವನು ಬಹಳ ಹೊತ್ತು ಕಾದ. ಆಮೇಲೆ ನಳಿಗೆಗೆ ನೀರು ಹುಯ್ದು ಮದ್ದು ನೆನೆಸಿ, ಗಜದ ತುದಿಯ ತಿರುಪಿನಿಂದ ಗುಂಡು ಹೊರಗೆಳೆದು, ಕೇಪಿನ ತೂತಿಗೆ ತಂತಿ ಚುಚ್ಚಿದ. ಕೆಂಪು ಕಪ್ಪು ಕಲಸಿದ ಅಂಟು ಬಂತು, ಗಾಯದ ಕೀವಿನ ಹಾಗೆ. ವರ್ಷ ವರ್ಷವೂ ಇವರು ಭಕ್ತಿಯಿಂದ ಅದೇ ಜಾಗಕ್ಕೆ ಇಟ್ಟ ಬೊಟ್ಟು, ಎರಡು ಗುಂಡಿನ ಮಸಿಯೊಂದಿಗೆ ಸೇರಿ ತೂತು ಕಟ್ಟಿತ್ತು.

"ಪೂಜೆ ಚೆನ್ನಾಗೇ ಮಾಡಿದೀರ," ಅಂದ ತಮ್ಮ. "ಮೂರನೇದು ಹೊಡೀತೀರಾ?"

ಇವರು ಉಳಿದ ಕೇಪುಗಳನ್ನು ಡಬ್ಬಿಗೆ ಹಾಕಿಕೊಂಡರು. "ಬೇಡ ಬಿಡು," ಅಂದರು.

ಸಂಜೆ ಬಚ್ಚಲಲ್ಲಿ ಬಿಸಿನೀರು ಹುಯ್ದು ನಳಿಗೆ ತೊಳೆದರು. ಚರಂಡಿಯಂಥ ಕಪ್ಪು ನೀರು; ನಾತ ಅಡುಗೆಮನೆಯವರೆಗೂ ಬಂತು. ನಾನು ಬ್ಲೀಚಿಂಗ್ ಪುಡಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಾಳೆ ಠಾಣೆಗೆ ಕೊಟ್ಟುಬರ್ತೀನಿ," ಅಂದರು, ನನ್ನ ಕಡೆ ತಿರುಗದೆ.

"ಮೊದ್ಲು ಬಾಯಿ ತೊಳ್ಕೊಳಿ," ಅಂದೆ.

ಅನ್ನ, ಒಗ್ಗರಣೆಯಿಲ್ಲದ ತಿಳಿಸಾರು, ಸುಟ್ಟ ಹಪ್ಪಳ ತಿಂದೆವು. ಸಾರು ಸಪ್ಪೆ ಅನ್ನುವ ಧೈರ್ಯ ಅವರಿಗೆ ಬರಲಿಲ್ಲ. ಮೊದಲು ಮಲಗಿದವರು ಅವರೇ. ನನಗೆ ದಿಂಬಿನಲ್ಲೂ ಆ ನಾತವೇ.