ಖುರ್ದಕ್ಕೆ ತಪ್ಪಿ ಬಂದವರು

ಕರೆ ಬಂದದ್ದು ನನ್ನ ಗಂಡನಿಗೆ, ಗಂಟು ಕಟ್ಟಿದ್ದು ನಾನು. ಉಪದೇಶಿಯ ಹೆಂಡತಿಯ ಬಾಳು ಅಂದರೆ ಇಷ್ಟೇ. ದೇವರು ಕರೆಯುತ್ತಾನೆ, ಅವರು ಬಂದೆ ಎನ್ನುತ್ತಾರೆ, ಆಮೇಲೆ ಬೀಸುವ ಕಲ್ಲಿನಿಂದ ಹಿಡಿದು ಉಪ್ಪಿನ ಗಡಿಗೆಯ ತನಕ ಬಂಡಿಗೆ ಹೇರುವವಳು ಹೆಂಡತಿ. ಇದನ್ನು ನಗುತ್ತಾ ಹೇಳುವ ವಯಸ್ಸು ನನಗೆ ಬಂದಿದೆ, ನಗು ಮಾತ್ರ ಬಂದಿಲ್ಲ.

ಆಗ ನಾವು ವಾಡಿಯಲ್ಲಿದ್ದೆವು. ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಶಾಲೆ, ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬರುತ್ತಿದ್ದ ಕಾಲ. ನನ್ನ ಗಂಡ ಅಲ್ಲಿನ ಸಭೆಯ ಉಪದೇಶಿ. ಅಂದರೆ ಪಾದ್ರಿಯ ಕೈಕೆಳಗೆ ಪ್ರಾರ್ಥನೆ ನಡೆಸುವುದು, ಕಾಯಿಲೆಯವರನ್ನು ನೋಡಿ ಬರುವುದು, ಸತ್ತವರನ್ನು ಮಣ್ಣು ಮಾಡುವುದು. ನಾನು ರೈಲಿನ ಕೆಲಸದವರ ಮಕ್ಕಳಿಗೆ ಮಿಷನ್ನಿನವರು ನಡೆಸುತ್ತಿದ್ದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೀದಿಯಲ್ಲಿ ಹೋದರೆ ಗಂಡಸರು ಕೂಡ "ನಮಸ್ಕಾರ್ರಿ ಅಕ್ಕೋರ" ಎಂದು ದಾರಿ ಬಿಡುತ್ತಿದ್ದರು. ಆ "ಅಕ್ಕೋರ" ಎಂಬ ಮಾತು ನನಗೆ ಎಷ್ಟು ರುಚಿಸುತ್ತಿತ್ತು ಅಂದರೆ, ಬೇಕಂತಲೇ ಸುತ್ತು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ.

ವರ್ಷಕ್ಕೊಮ್ಮೆ, ಬಿಸಿಲು ಏರುವ ಮುಂಚೆ, ಶಹಾಬಾದಿನಲ್ಲಿ ಉಪದೇಶಿಗಳೆಲ್ಲ ಸೇರುತ್ತಿದ್ದರು. ಕೊನೆಯ ದಿನ ದೊಡ್ಡ ಪಾದ್ರಿ, ಮಿಷನ್ನಿನ ಮೇಲಿನವರು ಗೊತ್ತು ಮಾಡಿ ಕಳಿಸಿದ ನೇಮಕದ ಪಟ್ಟಿ ಓದುತ್ತಿದ್ದರು. ಒಬ್ಬನ ಹೆಸರು, ಅವನು ಹೋಗಬೇಕಾದ ಊರು. ಹೆಸರು ಬಂದವನು ಎದ್ದು "ದೇವರ ಚಿತ್ತ" ಎಂದು ಹೇಳಿ ಕೂಡಬೇಕು. ಯಾಕೆ ಎಂದು ಕೇಳಿದರೆ ಅವನಿಗೆ ನಂಬಿಕೆ ಸಾಲದು ಎಂದು ಅರ್ಥ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹೆಂಡಿರು ನಾವು ಹಿಂದಿನ ಚಾಪೆಯಲ್ಲಿ ಕೂತಿರುತ್ತಿದ್ದೆವು. ನಮ್ಮ ಚಿತ್ತ ಏನು ಎಂದು ಯಾರೂ ಕೇಳಿದವರಲ್ಲ.

ನಮ್ಮ ಕಡೆ ಒಂದೇ ಹೆಸರಿನ ಜೋಡಿ ಊರು ಬಹಳ. ದೊಡ್ಡದಕ್ಕೆ ಬುಜುರ್ಗ, ಸಣ್ಣದಕ್ಕೆ ಖುರ್ದ ಎಂದು ನಿಜಾಮರ ದಫ್ತರದವರು ಬಾಲ ಕಟ್ಟಿದ್ದರು. ಸಾಮಾನ್ಯವಾಗಿ ಅಂಥ ಊರುಗಳು ಒಂದರಿಂದ ಇನ್ನೊಂದು ಕಾಣುವಷ್ಟು ಹತ್ತಿರ. ನಾನು ಹೇಳುವ ಎರಡೂರಿನ ನಡುವೆ ಮಾತ್ರ ಒಂದು ದಿನದ ದಾರಿ. ಬುಜುರ್ಗ ಇದ್ದದ್ದು ಚಿತ್ತಾಪುರದಿಂದ ಸೇಡಂಗೆ ಹೋಗುವ ದಾರಿಯಲ್ಲಿ. ಅಲ್ಲಿ ಮಿಷನ್ನಿನ ಶಾಲೆ ಇತ್ತು, ಸ್ಟೇಷನ್ ಹತ್ತಿರವಿತ್ತು. ಖುರ್ದ ಚಿಂಚೋಳಿಯ ಕಡೆ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಸೀಮೆಯಲ್ಲಿ. ಅಲ್ಲಿ ಏನೂ ಇರಲಿಲ್ಲ.

ಆ ವರ್ಷ ಪಾದ್ರಿ ನನ್ನ ಗಂಡನ ಹೆಸರು ಓದಿದರು, ಊರಿನ ಹೆಸರು ಓದಿದರು, ಬಾಲ ಓದಲಿಲ್ಲ. ಬುಜುರ್ಗದಲ್ಲಿ ಆಗಲೇ ಒಬ್ಬ ಉಪದೇಶಿ ಇದ್ದದ್ದರಿಂದ ನಮ್ಮ ಪಾಲಿಗೆ ಖುರ್ದವೇ ಬಂದಿದೆ ಎಂದು ಇಡೀ ಕೂಟ ತಿಳಿಯಿತು. ನನ್ನ ಗಂಡ ಎದ್ದು ನಿಂತರು. ಅವರ ಕತ್ತಿನ ಹಿಂಭಾಗ ಬೆವರಿದ್ದು ನನಗೆ ಕಾಣುತ್ತಿತ್ತು. "ದೇವರ ಚಿತ್ತ" ಎಂದರು, ಕೂತರು. ಅಷ್ಟರಲ್ಲಿ ನನ್ನ ಶಾಲೆ, ನನ್ನ ಅಕ್ಕೋರತನ ಎಲ್ಲ ಮುಗಿದಿತ್ತು.

ಖುರ್ದದಲ್ಲಿ ನಮ್ಮವರ ಮನೆ ಐದು, ಊರಾಚೆ. ನಮಗೆ ಕೊಟ್ಟ ಕೋಣೆಗೆ ಫರಸಿ ಹಾಸುಗಲ್ಲಿನ ಮಾಡು, ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತಂತೆ. ನೀರಿಗೆ ಅರ್ಧ ಹರದಾರಿ ನಡೆಯಬೇಕು. ಬಂದ ದಿನವೇ ಒಬ್ಬ ವಿಧವೆ, ಐವತ್ತು ದಾಟಿದವಳು, ನಮ್ಮ ಬಂಡಿಯ ಮುಂದೆ ನಿಂತು ಅತ್ತಳು. ಅವಳ ಗಂಡ ಸತ್ತಾಗ ಮಣ್ಣು ಹಾಕುವ ಹೊತ್ತಿಗೆ ಎರಡು ಮಾತು ಪ್ರಾರ್ಥನೆ ಹೇಳುವವರೂ ಇರಲಿಲ್ಲವಂತೆ, ಸುಮ್ಮನೆ ಮುಚ್ಚಿ ಬಂದರಂತೆ.

"ಅವತ್ತಿನಿಂದ ದಿನಾ ಕೇಳೀನ್ರಿ ದೇವರಿಗಿ," ಎಂದಳು. "ನಮ್ಮ ಕಡಿ ಒಬ್ಬರನ್ನ ಕಳಸಪಾ, ಬಂದು ಹೋಗವ್ರಲ್ಲ, ಇರವ್ರನ್ನ ಕಳಸು ಅಂತ. ಈಗ ಕಳಿಸ್ಯಾನ ನೋಡ್ರಿ."

ನನಗೆ ಮೈಯೆಲ್ಲ ಉರಿಯಿತು. ಇವಳ ಬೇಡಿಕೆಗೆ ನನ್ನ ಶಾಲೆ ಬಲಿ ಹೋಯಿತಲ್ಲ ಎಂದು ಅವಳ ಮುಖ ನೋಡದೆ ಗಡಿಗೆ ಇಳಿಸಿದೆ.

ಆದರೂ ಕೈ ಸುಮ್ಮನಿರಬೇಕಲ್ಲ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಅಕ್ಷರ ಕಲಿಸತೊಡಗಿದೆ. ವಿಧವೆ ಮುಂದಿನ ಸಾಲು. ಕಲ್ಲು ಒಡೆದು ಒಡೆದು ಅವಳ ಬೆರಳು ನೆಟ್ಟಗಾಗುತ್ತಿರಲಿಲ್ಲ, ಬಳಪವನ್ನು ಸುತ್ತಿಗೆ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಕಣ್ಣು ಹೋಗುವ ಮುಂಚೆ ಗಂಡನ ಹೆಸರೊಂದು ಬರೆಯಲು ಬಂದರೆ ಸಾಕು, ಗೋರಿಯ ಕಲ್ಲಿನ ಮೇಲೆ ನಾನೇ ಕೆತ್ತುತ್ತೇನೆ ಎನ್ನುತ್ತಿದ್ದಳು. ಮೂರು ತಿಂಗಳಿಗೆ "ತ"ದ ತನಕ ಬಂದಿದ್ದಳು. ದಡ್ಡಿಯೇನಲ್ಲ, ನಾನು ಬೈದುಬೈದು ಕಲಿಸುತ್ತಿದ್ದೆ, ಅದಕ್ಕೆ ತಡವಾಯಿತು.

ಮಳೆಗಾಲ ಹತ್ತಿರ ಬಂದಾಗ ಗಂಡನಿಗೆ ಚಳಿಜ್ವರ. ಗುಳಿಗೆ ಮತ್ತು ಹೆಂಗಸರಿಗೆ ಬರೆಯಲು ನಾಲ್ಕು ಪಾಟಿ ತರಲು ಶಹಾಬಾದಿಗೆ ನಾನೇ ಹೋದೆ. ಮಿಷನ್ ಕಚೇರಿಯ ಗುಮಾಸ್ತ ನಿಜಾಮರ ಕಾಲದ ತಹಶೀಲು ಕಚೇರಿಯಲ್ಲಿ ಪಳಗಿದ ಮುದುಕ.

"ಕುಂದ್ರಿ ಅಕ್ಕೋರ," ಎಂದ. "ಬುಜುರ್ಗ ಹೆಂಗದ? ಸಾಲಿ ತೆಗಿಲಿಕ್ಕೆ ತಯಾರಿ ನಡಿಸೀರಿಲ್ಲೊ?"

"ನಾವು ಖುರ್ದದಾಗ ಇದ್ದೀವಲ್ರಿ."

ಅವನು ತಾನು ನಕಲು ಮಾಡಿದ್ದ ಪಟ್ಟಿ ತೆಗೆದ. ಊರ ಹೆಸರು ಕನ್ನಡದಲ್ಲಿತ್ತು. ಅದರ ಮುಂದೆ, ತಹಶೀಲಿನ ರೂಢಿ ಬಿಡದೆ, ಒಂದೇ ಒಂದು ಉರ್ದು ಅಕ್ಷರ ಬರೆದಿದ್ದ. ಬೇ. ಬುಜುರ್ಗದ ಬೇ. ಉರ್ದು ಬಾರದ ಪಾದ್ರಿ ಅದನ್ನು ಯಾವುದೋ ಗೀಟು ಎಂದು ಬಿಟ್ಟು ಓದಿದ್ದರು. ಬುಜುರ್ಗದ ಹಳೆಯ ಉಪದೇಶಿ ಕೂಟಕ್ಕೆ ಮುಂಚೆಯೇ ಕೆಲಸ ಬಿಟ್ಟು ಹೋಗಿದ್ದ, ಅದು ಕೂಟದವರಿಗೆ ಗೊತ್ತಿರಲಿಲ್ಲ. ಬೇಸಿಗೆ ರಜೆ ಇದ್ದದ್ದರಿಂದ ಶಾಲೆಗೆ ಬೀಗ ಬಿದ್ದದ್ದು ಯಾರಿಗೂ ವಿಶೇಷ ಅನಿಸಿರಲಿಲ್ಲ. ಅಲ್ಲಿ ಉಪದೇಶಿಯ ಹೆಂಡತಿಗೆ ಪಾಠ ಹೇಳುವ ಕೆಲಸವೂ ಗೊತ್ತು ಮಾಡಿದ್ದರು.

ಗುಮಾಸ್ತನ ಮುಖ ಕಪ್ಪಿಟ್ಟಿತು. ಉರ್ದು ಬರೆಯಬೇಡ ಎಂದು ಪಾದ್ರಿ ಎರಡು ಸಲ ಎಚ್ಚರಿಸಿದ್ದರಂತೆ. ದನಿ ಇಳಿಸಿ ಹೇಳಿದ. "ನೀವು ಅಲ್ಲೇ ಇರ್ತೀವಂದ್ರ ಒಂದ ಮಾತು ಹೇಳ್ರಿ. ಈ ಬೇದ ಕೆಳಗಿನ ಚುಕ್ಕಿ ಅಳಿಸಿ, ತಲಿ ತಿದ್ದಿ ಮ್ಯಾಲೊಂದು ಚುಕ್ಕಿ ಇಟ್ರ ಖೇ ಆಗ್ತದ, ಖುರ್ದ ಆಗ್ತದ. ಯಾರಿಗೂ ಗೊತ್ತಾಗಂಗಿಲ್ಲ. ಬುಜುರ್ಗಕ್ಕ ಹೋಗ್ಲಿಕ್ಕೆ ಮಂದಿ ತುದಿಗಾಲ ಮ್ಯಾಲ ನಿಂತಾರ. ಖುರ್ದಕ್ಕ ಮಾತ್ರ ನಿಮ್ಮ ಬಿಟ್ರ ಯಾರೂ ಹೋಗಂಗಿಲ್ಲ."

ನಾನು ದೇವರ ದನಿ ಕೇಳಿದವಳಲ್ಲ. ಕೇಳಿದೆವು ಎನ್ನುವವರನ್ನು ನಂಬಿದವಳೂ ಅಲ್ಲ. ಆದರೆ ಆ ಕಚೇರಿಯ ಬೆಂಚಿನ ಮೇಲೆ, ಹಾಡುಹಗಲು, ಮಡಿಲಲ್ಲಿ ನಾಲ್ಕು ಪಾಟಿ ಇಟ್ಟುಕೊಂಡು ಕೂತಾಗ, ಇರು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಸಂಶಯವಿರಲಿಲ್ಲ. ಸಂಶಯವಿದ್ದರೆ ಇಂದು ಅದನ್ನೇ ನೆಪ ಮಾಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನನ್ನನ್ನು ಯಾರೂ ಕೇಳಲಿಲ್ಲ ಎಂದು ಕುದಿಯುತ್ತಿದ್ದವಳಿಗೆ, ಗಂಡನಿಗಲ್ಲ, ನನಗೇ ಕರೆ ಬಂದಿತ್ತು. ಅದೂ ಒಂದು ಚುಕ್ಕಿಯ ಕೆಲಸ.

"ಬೇ ಇದ್ದಂಗೇ ಇರ್ಲಿ," ಎಂದೆ.

ಗುಮಾಸ್ತ ನನ್ನನ್ನು ನೋಡಿದ, ಪಟ್ಟಿ ಮಡಚಿ ಇಟ್ಟ. ಪಾಟಿಗಳನ್ನು ಅಲ್ಲೇ ವಾಪಸು ಕೊಟ್ಟು ಬಂದೆ.

ಗಂಡನಿಗೆ ಹೇಳುವಾಗ ಬೇ ಅಕ್ಷರದ ಸುದ್ದಿ ಹೇಳಿದೆ, ಚುಕ್ಕಿಯ ಸುದ್ದಿ ಹೇಳಲಿಲ್ಲ. ಜ್ವರದಲ್ಲಿ ಮಲಗಿದ್ದವರು ಎದ್ದು ಕೂತರು.

"ಈ ಮಂದಿ ಗತಿ?" ಎಂದರು.

"ನೇಮಕ ಇಲ್ಲಿಗಲ್ರಿ. ನೀವೇ ಅಂತೀರಲ್ಲ, ಪಟ್ಟಿದಾಗ ಬಂದದ್ದೇ ದೇವರ ಚಿತ್ತ ಅಂತ."

ನಾನು ಒಲೆಯ ಮುಂದೆ ಕೂತು ಸೌದೆ ಸರಿಸುತ್ತಿದ್ದೆ. ಅವರು ಇರೋಣ ಎಂದರೆ ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. "ದೇವರ ಚಿತ್ತ" ಎಂದರು. ಪಾಪ, ಅವರು ವಿಧೇಯರಾದದ್ದು ದೇವರಿಗಲ್ಲ, ನನಗೆ. ಅದು ಅವರಿಗೆ ಸಾಯುವ ತನಕ ಗೊತ್ತಾಗಲಿಲ್ಲ.

ಬುಜುರ್ಗದಲ್ಲಿ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಶಾಲೆ, ಅಂಗಳದಲ್ಲೇ ಬಾವಿ, ಮತ್ತೆ ಊರ ತುಂಬ ಅಕ್ಕೋರ ಅಕ್ಕೋರ. ದೇವರಿಂದ ತಪ್ಪಿಸಿಕೊಂಡು ಓಡಿದವರನ್ನು ಬಿರುಗಾಳಿ ಬೆನ್ನಟ್ಟಿ ಹಿಡಿಯುತ್ತದೆ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ನನ್ನನ್ನು ಯಾವ ಗಾಳಿಯೂ ಹಿಡಿಯಲಿಲ್ಲ. ಮೈ ಚೆನ್ನಾಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು, ನಾನು ಕಲಿಸಿದವರು ಪಾಸಾದರು. ನನ್ನ ಸಿಟ್ಟು ಅದಕ್ಕೇ. ಹಿಡಿದು ಎರಡು ಬಾರಿಸಿದ್ದರೆ ಲೆಕ್ಕ ತೀರಿತ್ತು. ದೇವರು ಸುಮ್ಮನೆ ಬಿಟ್ಟುಬಿಟ್ಟ. ಬೇಡವಾದವಳನ್ನು ಬಿಡುವ ಹಾಗೆ ಬಿಟ್ಟ. ನನ್ನನ್ನು ಮತ್ತೆ ಯಾವುದಕ್ಕೂ ಕರೆಯಲಿಲ್ಲ.

ಇಷ್ಟೆಲ್ಲ ಹೇಳಿ, ಖುರ್ದ ಬಿಟ್ಟ ದಿನದ ಮಾತು ದಾಟಿಬಿಟ್ಟೆ. ಬೇಕಂತಲೇ ದಾಟಿದೆ, ಆದರೆ ಹೇಳದೆ ಬಿಟ್ಟರೆ ಇಷ್ಟು ಹೇಳಿದ್ದೂ ಸುಳ್ಳಾಗುತ್ತದೆ.

ಬೆಳಿಗ್ಗೆ ಬಂಡಿ ಕಟ್ಟಿದ್ದರು. ರಸ್ತೆಯ ತನಕ ಬಂಡಿ, ಅಲ್ಲಿಂದ ಬಸ್ಸು. ಸೇಡಂಗೆ ಹೋಗುವ ಬಸ್ಸು ಡಾಂಬರಿಲ್ಲದ ಆ ರಸ್ತೆಗೆ ದಿನಕ್ಕೊಂದೇ ಬರುತ್ತಿತ್ತು. ಐದೂ ಮನೆಯವರು ಬಂದು ನಿಂತರು. ಗಂಡ ಪ್ರಾರ್ಥನೆ ಹೇಳಲು ಹೋದರು, ಅರ್ಧಕ್ಕೇ ಬಿಟ್ಟು ಹೋಗಿ ಮುಂದೆ ಗಾಡಿಯವನ ಪಕ್ಕ ಕೂತರು. ವಿಧವೆ ಬಂಡಿಯ ಹಲಗೆ ಹಿಡಿದುಕೊಂಡಳು.

"ಯಾಕ ಹೊಂಟ್ರಿ ಅಕ್ಕೋರ? ನಾವೇನು ತಪ್ಪು ಮಾಡೀವಿ?"

"ನಿಮ್ದೇನು ತಪ್ಪಿಲ್ಲ," ಎಂದೆ. ಬೇಗ ಮುಗಿಸಬೇಕಿತ್ತು ನನಗೆ. "ನಾವೇ ತಪ್ಪಿ ಬಂದಿದ್ವಿ. ನಮ್ಮನ್ನ ಕಳಿಸಿದ್ದು ಬ್ಯಾರೆ ಊರಿಗಿ."

ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಹಲಗೆಯಿಂದ ಕೈ ತೆಗೆದಳು.

"ಹಂಗೇನ್ರಿ," ಎಂದಳು. "ಅಂದ್ರ ನಾ ಕೇಳಿದ್ದು ದೇವರಿಗಿ ಮುಟ್ಟೇ ಇಲ್ಲ."

ಮುಟ್ಟಿತ್ತು. ಮುಟ್ಟಿದ್ದು ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಬಂಡಿಯಿಂದ ಇಳಿಯಬೇಕಾಗುತ್ತಿತ್ತು. ಬಸ್ಸಿಗೆ ಹೊತ್ತಾಯಿತು, ನಡಿ ಎಂದೆ ಗಾಡಿಯವನಿಗೆ.