ನಳದ ಮಾಣಿಕಪ್ಪನ ಮೂರನೆಯ ಸಹಿ

ನಿಮ್ಮ ಮನೆಯ ನಳ ರಿಪೇರಿಯ ಲೈಸೆನ್ಸ್ ಇರುವುದು ಒಬ್ಬನ ಹೆಸರಿಗೆ, ನಟ್ಟು ಬಿಗಿಯುವ ಪಾನಾ ಹಿಡಿಯುವುದು ಇನ್ನೊಬ್ಬನ ಕೈ. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಕೇಳುವುದಿಲ್ಲ, ಯಾಕೆಂದರೆ ನಳ ತಿರುವಿದರೆ ನೀರು ಬರುತ್ತದೆ. ನೀರು ಬಂದ ಮನೆಯಲ್ಲಿ ಪ್ರಶ್ನೆ ಹುಟ್ಟುವುದಿಲ್ಲ.

ವಾಡಿಯ ಮಾಣಿಕಪ್ಪನದು ಆ ಇನ್ನೊಂದು ಕೈ. ಇಪ್ಪತ್ತೆರಡು ವರ್ಷಗಳಿಂದ ವಾಡಿ, ಶಹಾಬಾದ್, ಚಿತ್ತಾಪುರದ ಮನೆಗಳಲ್ಲಿ ಪೈಪು ಜೋಡಿಸುತ್ತ, ಕಟ್ಟಿಕೊಂಡ ಸಂಡಾಸು ಬಿಡಿಸುತ್ತ, ಸೋರುವ ನೀರಿನ ಟಾಕಿಗಳ ಬಾಯಿ ಮುಚ್ಚುತ್ತ ಬಂದವನು. ಮೂರೂ ಊರಿನ ಮೊಬೈಲುಗಳಲ್ಲಿ ಅವನ ನಂಬರಿದೆ. ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು. ಕೆಲವರಲ್ಲಿ ‘ನಳ ಮಾಣಿಕ್ಯಾ’, ಕೆಲವರಲ್ಲಿ ‘ಪೈಪ್ ವಾಡಿ’, ಒಬ್ಬ ನಿವೃತ್ತ ಪ್ರಾಧ್ಯಾಪಕರ ಮೊಬೈಲಿನಲ್ಲಿ ಬರೀ ‘ಸಂಡಾಸ್’. ಮಾಣಿಕಪ್ಪ ತಂದೆ ಭೀಮಶಾ, ಸಾಕೀನ ವಾಡಿ ಎಂದು ಪೂರ್ತಿ ಬರೆದುಕೊಂಡವನು ರೇಷನ್ ಅಂಗಡಿಯವನೊಬ್ಬನೇ.

ಅವನ ಚೀಲದಲ್ಲಿ ಎಲ್ಲರ ಚೀಲದಲ್ಲಿರುವ ಸಾಮಾನುಗಳೇ ಇದ್ದವು, ಒಂದನ್ನು ಬಿಟ್ಟು. ಅದು ಮೂರು ಮೊಳದ ಕಬ್ಬಿಣದ ಸಲಾಕೆ. ನಮ್ಮ ಕಡೆಯ ಮನೆಗಳ ನೆಲವೆಲ್ಲ ಶಹಾಬಾದ್ ಕಲ್ಲಿನ ಫರ್ಸಿ. ಪೈಪು ಆ ಫರ್ಸಿಯ ಕೆಳಗೆ. ಎಲ್ಲೋ ಸೋರಿದ ನೀರು ಫರ್ಸಿಯಡಿಯ ಮುರುಮು ಮಣ್ಣಿನಲ್ಲಿ ಹರಿದು ಇನ್ನೆಲ್ಲೋ ಸಂದು ಸಿಕ್ಕಲ್ಲಿ ಮೇಲೇಳುತ್ತದೆ. ಹಸಿ ಕಂಡಲ್ಲಿ ಅಗೆದವನಿಗೆ ಮಣ್ಣು ಸಿಗುತ್ತದೆಯೇ ಹೊರತು ತೂತು ಸಿಗುವುದಿಲ್ಲ. ಮಾಣಿಕಪ್ಪ ಎಲ್ಲ ನಳ ಮುಚ್ಚಿಸಿ, ಫ್ಯಾನು ನಿಲ್ಲಿಸಿ, ಸಲಾಕೆಯ ಒಂದು ತುದಿ ಫರ್ಸಿಯ ಮೇಲೂ ಇನ್ನೊಂದು ತುದಿ ಕಿವಿಗೂ ಇಟ್ಟು ಬಗ್ಗಿ ಕೂರುತ್ತಿದ್ದ. ಒಂದು ಫರ್ಸಿ, ಮತ್ತೊಂದು, ಮತ್ತೊಂದು. ಕೊನೆಗೆ ಬೆರಳಿಟ್ಟು ತೋರಿಸುತ್ತಿದ್ದ. ಅಲ್ಲೊಂದೇ ಕಲ್ಲು ಎಬ್ಬಿಸಿದರೆ ಸಾಕು.

ಈ ಕಿವಿಗೆ ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇದ್ದದ್ದು ಚಿತ್ತಾಪುರದ ಹಾರ್ಡ್‌ವೇರ್ ಅಂಗಡಿಯ ಶಂಕರಲಿಂಗನಿಗೆ. ಅವನು ಅದಕ್ಕೆ ಕಟ್ಟು ಹಾಕಿಸಿ, ದೇವರ ಫೋಟೋಗಳ ಸಾಲಿನಲ್ಲೇ ನೇತುಹಾಕಿ, ದಿನಾಲೂ ಊದಿನಕಡ್ಡಿ ಬೆಳಗುತ್ತಿದ್ದ. ಪಾನಾ ಮಾರಿ ಗೊತ್ತಿತ್ತೇ ಹೊರತು ಹಿಡಿದು ಗೊತ್ತಿರಲಿಲ್ಲ. ಹೊಸ ನಳ ಕೂಡಿಸಬೇಕೆಂದರೆ ಅರ್ಜಿಯ ಮೇಲೆ ಅವನ ಸಿಕ್ಕಾ ಬೀಳಬೇಕು. ಮಾಣಿಕಪ್ಪ ಹತ್ತೊಂಬತ್ತು ವರ್ಷ ಅವನ ಕೈಕೆಳಗೆ ದುಡಿದ. ಕೆಲಸ ಮಾಡಿದ್ದು ಮಾಣಿಕಪ್ಪ, ಕಾಗದದ ಮೇಲೆ ಮಾಡಿದ್ದು ಶಂಕರಲಿಂಗ.

ಹಾಗಂತ ಮಾಣಿಕಪ್ಪ ಲೈಸೆನ್ಸ್ ಬೇಡ ಎನ್ನುವವನಲ್ಲ. ವಾಡಿಯ ಅವನ ಓಣಿಯಲ್ಲೇ ಯಾವನೋ ಅರೆಬೆಂದ ಮೇಸ್ತ್ರಿ ಮೇನ್ ಲೈನಿಗೆ ಮೋಟಾರು ಹಚ್ಚಿ ಗಟಾರದ ನೀರನ್ನೂ ಜೊತೆಗೆ ಎಳೆದಿದ್ದ. ಓಣಿಗೆ ಓಣಿಯೇ ವಾಂತಿಭೇದಿಯಿಂದ ಆಸ್ಪತ್ರೆ ಸೇರಿತ್ತು. ಅಂದಿನಿಂದ ಅವನ ಮಾತು ಒಂದೇ: “ನೀರಿನ ಕೆಲಸ ಅಂದ್ರ ಮಂದಿ ಜೀಂವ ಅದ. ಕಲ್ತಾಂವಗೇ ಕೊಡಬೇಕು. ಆದ್ರ ಕಲ್ತಾಂವಗ ಕೊಡ್ರಿ.”

ಅವನೇ ಲೈಸೆನ್ಸಿಗೆ ಅರ್ಜಿ ಹಾಕಿದ. ಪರೀಕ್ಷೆಯಲ್ಲಿ ಪಾಸಾದ. ಉಳಿದದ್ದು ಒಂದೇ ಒಂದು ಕಲಮು: ಮೂರು ಮನೆಗಳ ಮಾಲೀಕರು ‘ನಮ್ಮ ಮನೆಯ ನಳದ ಕೆಲಸವನ್ನು ಇವರೇ ಮಾಡಿದ್ದಾರೆ’ ಎಂದು ಸಹಿ ಹಾಕಿಕೊಡಬೇಕು. ಶುಕ್ರವಾರ ಸಂಜೆ ಕೊನೆ. ತಪ್ಪಿದರೆ ಮತ್ತೆ ಮೊದಲಿನಿಂದ.

ನೂರಾರು ಮನೆ ಮಾಡಿದವನಿಗೆ ಮೂರು ಸಹಿ ಯಾವ ಲೆಕ್ಕ ಎಂದು ಅವನ ಹೆಂಡತಿ ಅನಸುಬಾಯಿ ನಕ್ಕಿದ್ದಳು. ಮೊದಲಿನ ಎರಡು ಅರ್ಧ ಗಂಟೆಯಲ್ಲಿ ಸಿಕ್ಕವು. ಹೊಲಿಗೆ ಮಷಿನ್ನಿನ ಆಶಾಬಿ ಕೈಯಲ್ಲಿದ್ದ ಬಟ್ಟೆ ಬಿಟ್ಟು ಸಹಿ ಹಾಕಿದಳು. ಚಹಾದಂಗಡಿಯ ಸಂಗಣ್ಣ ಹಾಕಿದ. ಮೂರನೆಯದಕ್ಕೆ ಮಾತ್ರ ಮಾಣಿಕಪ್ಪನ ಚಪ್ಪಲಿ ಸವೆಯಿತು. ಒಬ್ಬ ಇಂಜಿನಿಯರು, “ಶಂಕರಲಿಂಗಗ ಒಂದ್ ಮಾತ್ ಕೇಳಬೇಕಾಗ್ತದಪ್ಪ” ಎಂದರು. ಪ್ರಾಧ್ಯಾಪಕರು, “ನಿನ್ನ ಹೆಸರೇನು?” ಎಂದರು.

ಕೊನೆಗೆ ಮಂಗಳವಾರ ಮುಂಜಾನೆ ಚಿತ್ತಾಪುರಕ್ಕೆ ಬಂದು, ‘ಗುರುಲಿಂಗಪ್ಪ ನಿಲಯ’ ಎಂದು ಕಲ್ಲಿನಲ್ಲಿ ಕೆತ್ತಿಸಿದ ಮನೆಯ ಕಟ್ಟೆಯ ಮೇಲೆ ಕೂತ. ಗುರುಲಿಂಗಪ್ಪನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವರು. ಪ್ರತಿ ಬಸವ ಜಯಂತಿಗೆ ಕಾಯಕದ ಮೇಲೆ, ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿ ಶಾಲು ಹೊದೆಸಿಕೊಳ್ಳುವವರು. ಅವರ ಮನೆಯ ಪೈಪು ಪೂರ್ತಿ, ಹದಿನೈದು ವರ್ಷದ ಹಿಂದೆ, ಹಾಕಿದವನು ಮಾಣಿಕಪ್ಪ.

ಆ ದಿನ ಒಳಗೆ ಬೇರೆಯದೇ ಗದ್ದಲ ನಡೆದಿತ್ತು. ಪಡಸಾಲೆಯ ಫರ್ಸಿ ಬೆವರುತ್ತಿತ್ತು. ಮೋಟಾರು ಹಾಕಿದಷ್ಟೂ ಟಾಕಿ ಖಾಲಿ. ಸೇಡಂನಿಂದ ಮಗಳು ರಾಜೇಶ್ವರಿಯ ಅತ್ತೆಮನೆಯ ಬೀಗರು ಶುಕ್ರವಾರ ಬರುವವರು. ಕಟ್ಟೆಯ ಮೇಲಿದ್ದ ಮಾಣಿಕಪ್ಪನಿಗೆ ಗಂಡ ಹೆಂಡಿರ ಮಾತು ಚೆನ್ನಾಗಿಯೇ ಕೇಳುತ್ತಿತ್ತು.

“ಪೈಪ್ ಹಾಕಿದಾಂವ ಹೊರಗ ಕುಂತಾನ. ಒಳಗ ಕರೀರಿ,” ಎಂದರು ಶರಣಬಸಮ್ಮ.

“ಅಂವನ ಹಂತ್ಯಾಕ ಲೈಸೆನ್ಸ್ ಎಲ್ಲದ? ನಾಳಿಗಿ ಏನರೆ ಹೆಚ್ಚುಕಮ್ಮಿ ಆದ್ರ ಯಾರಿಗಿ ಹಿಡೀಲಿ?”

“ಹೆಚ್ಚುಕಮ್ಮಿ ಈಗೇ ಆಗ್ಯಾದಲ್ಲ, ಯಾರಿಗಿ ಹಿಡದೀರಿ?”

“ನಿನಗ ಕಾಯ್ದೆ ತಿಳಿಯಂಗಿಲ್ಲ, ಸುಮ್ಮನಿರು.”

“ಹೋದ ವರ್ಷ ಬಸ್‌ಸ್ಟ್ಯಾಂಡಿನಾಗ ಹಲ್ಲು ಕೀಳಿಸ್ಕೊಂಡು ಬಂದ್ರಲ್ಲ, ಅಂವನ ಲೈಸೆನ್ಸ್ ನೋಡಿ ಬಾಯಿ ತೆರದಿದ್ರೇನು?”

ಗುರುಲಿಂಗಪ್ಪನವರೇ ಹೊರಗೆ ಬಂದರು. ಹಿಂದೆಯೇ ಚಹಾ ಬಂತು, ಕಾಗದದ ಗ್ಲಾಸಿನಲ್ಲಿ. ಬೇರೆ ಗ್ಲಾಸು ಇಡುವುದು ತಪ್ಪು ಎಂದು ಗುರುಲಿಂಗಪ್ಪನವರಿಗೆ ಗೊತ್ತಿತ್ತು, ಭಾಷಣದಲ್ಲಿ ಹೇಳಿಯೂ ಇದ್ದರು. ಅದಕ್ಕೇ ಕಾಗದದ ಗ್ಲಾಸಿನ ಪಾಕೀಟು ತಂದಿಟ್ಟಿದ್ದರು. ಅದರಲ್ಲಿ ಮನೆಯವರ್‍ಯಾರೂ ಕುಡಿಯುತ್ತಿರಲಿಲ್ಲ.

ಮಾಣಿಕಪ್ಪ ಎದ್ದು ನಿಂತು ಕಾಗದ ಮುಂದೆ ಹಿಡಿದ. “ಸಾಹೇಬ್ರ, ಒಂದ್ ಸಹಿ ಬೇಕಾಗಿತ್ತರಿ.”

ಅವರು ಕನ್ನಡಕ ಏರಿಸಿ ಓದಿದರು. “ನಮ್ಮ ಮನಿ ಕೆಲಸ ನೀ ಮಾಡೀದಿ ಅಂತ ಬರೀಬೇಕಾ?”

“ಮಾಡೀನಲ್ರಿ.”

“ಕೈಯಿಂದ ಮಾಡೀದಿ, ಇಲ್ಲ ಅನ್ನಲ್ಲ. ಆದ್ರ ಕಾಗದದಾಗ ಶಂಕರಲಿಂಗನ ಹೆಸರದ. ನಾ ಕೋರ್ಟಿನಾಗ ಮೂವತ್ತಾರು ವರ್ಷ ಕುಂತಾಂವ, ಸುಳ್ಳು ಹ್ಯಾಂಗ ಬರೀಲಿ? ಮೊದಲ ಲೈಸೆನ್ಸ್ ತಗೋ. ಆಮ್ಯಾಲ ಎಷ್ಟು ಬೇಕಾದಷ್ಟು ಕೆಲಸ ಕೊಡ್ತೀನಿ, ಬೇಕಾದಷ್ಟು ಸಹಿ ಹಾಕ್ತೀನಿ.”

“ಲೈಸೆನ್ಸ್ ಸಲುವಾಗೇ ಸಹಿ ಬೇಕಾಗ್ಯಾದರಿ.”

“ಅದು ನಿಂದು ಆಫೀಸಿಂದು. ನಡುವ ನನ್ನ ಎಳೀಬ್ಯಾಡ.”

ಮಾಣಿಕಪ್ಪ ಚಹಾ ಮುಗಿಸಿದ. ಗ್ಲಾಸನ್ನು ತಾನೇ ಮುದ್ದೆ ಮಾಡಿ ಗಟಾರದ ಬದಿಯ ಬುಟ್ಟಿಗೆ ಹಾಕಿ ಹೊರಟುಹೋದ.

ಬುಧವಾರ ಆ ಮನೆಗೆ ಲೈಸೆನ್ಸ್ ಬಂತು. ಅಂದರೆ ಶಂಕರಲಿಂಗ ಬರಲಿಲ್ಲ, ಅಂಗಡಿಯ ಹೆಸರು ಬರೆದ ಹಳದಿ ಅಂಗಿ ತೊಟ್ಟ ಇಬ್ಬರು ಬಂದರು. ಗುರುಲಿಂಗಪ್ಪನವರು ಅಂಗಿ ನೋಡಿದರು, ಮುಖ ನೋಡಲಿಲ್ಲ. ಒಳಗೆ ಕರೆದರು. ಹಸಿ ಕಂಡಲ್ಲೆಲ್ಲ ಒಡೆಯಿರಿ ಎಂದು ಶಂಕರಲಿಂಗ ಫೋನಿನಲ್ಲೇ ಹುಕುಂ ಕೊಟ್ಟ. ಒಡೆದರು. ಪಡಸಾಲೆಯಲ್ಲಿ ಆರು ಫರ್ಸಿ ಎದ್ದವು. ಆಮೇಲೆ, “ಅಲ್ಲೂ ನೋಡ್ರಿ” ಎಂದು ಗುರುಲಿಂಗಪ್ಪನವರೇ ಪೂಜೆಯ ಕೋಣೆಯ ಬಾಗಿಲು ತೆಗೆದುಕೊಟ್ಟರು. ಅಲ್ಲಿ ಮೂರು ಎದ್ದವು. ಸಂಜೆಯ ಹೊತ್ತಿಗೆ ಮನೆ ಗದ್ದೆಯಾಗಿತ್ತು, ತೂತು ಮಾತ್ರ ಸಿಕ್ಕಿರಲಿಲ್ಲ. ಇಡೀ ಲೈನೇ ಹೊಸದು ಹಾಕಬೇಕು ಎಂದು ಶಂಕರಲಿಂಗ ಫೋನಿನಲ್ಲೇ ನಿರ್ಣಯ ಕೊಟ್ಟ.

ಗುರುವಾರ ಮುಂಜಾನೆ ಮಾಣಿಕಪ್ಪನಿಗೆ ಫೋನು ಬಂತು. “ಮಾಣಿಕಪ್ಪ, ನಾ ಶರಣಬಸಮ್ಮ. ಮೈ ತೊಳ್ಕೊಳ್ಳಾಕ ನೀರಿಲ್ಲೋ ಯಪ್ಪಾ. ನಾಳಿಗಿ ಬೀಗರು ಬರ್ತಾರ. ನಿಂಗ ಸಿಟ್ಟು ಬಂದಿರ್ತದ, ಖರೆ ಅದ. ಆದ್ರೂ ಬಾ.”

ಅನಸುಬಾಯಿ ಒಲೆಯ ಮುಂದಿನಿಂದಲೇ ಹೇಳಿದಳು: “ಮೊದಲ ಸಹಿ, ಆಮ್ಯಾಲ ಪಾನಾ. ನೆನಪಿಟ್ಕೋ. ನಿಂಗ ನೀರಿನ ಸಪ್ಪಳ ಕೇಳಿದ್ರ ಬುದ್ಧಿ ಓಡಿ ಹೋಗ್ತದ.”

ದಾರಿಯುದ್ದಕ್ಕೂ ಮಾಣಿಕಪ್ಪ ಆ ಮಾತನ್ನು ಬಾಯಿಪಾಠ ಮಾಡಿದ. ಮನೆಯೊಳಗೆ ಕಾಲಿಟ್ಟು, ಮೋಟಾರು ಹಾಕಿಸಿ, ಸಲಾಕೆ ಊರಿ ಕಿವಿಯಿಟ್ಟ ಮೇಲೆ ಅದು ಮರೆತೇಹೋಯಿತು. ಕಲ್ಲಿನಡಿಯಲ್ಲಿ ಯಾರೋ ಹಲ್ಲುಸಂದಿನಲ್ಲಿ ಉಸಿರೆಳೆದಂತೆ ಸಪ್ಪಳ. ಒಂದೊಂದೇ ಫರ್ಸಿ ದಾಟುತ್ತ ಹೋದ. ಸಪ್ಪಳ ದೊಡ್ಡದಾಗುತ್ತ ಅವನನ್ನು ಪೂಜೆಯ ಕೋಣೆಯ ಬಾಗಿಲಿಗೆ ಒಯ್ದಿತು.

“ಏ ಮಾಣಿಕ್ಯಾ, ಅಲ್ಲೇ ನಿಂದ್ರು!” ಗುರುಲಿಂಗಪ್ಪನವರು ನಡುವೆ ಬಂದು ನಿಂತರು. “ಒಳಗ ಬ್ಯಾಡ. ಅಲ್ಲಿಂದೇ ಹೇಳು.”

“ಯಾಕ್ರಿ ಸಾಹೇಬ್ರ?”

“ಪೂಜಾದ ಕೋಣಿ ಅದು. ನಾ ಹಂಗೆಲ್ಲ ನಂಬಾಂವ ಅಲ್ಲ. ಆದ್ರ ಮನ್ಯಾಗ ಹೆಣ್ಮಕ್ಕಳು ಇರ್ತಾರ, ಅವರ ಮನಸಿಗಿ...”

“ನನ್ನ ಹೆಸರು ಯಾಕ ತರ್ತೀರಿ?” ಎಂದರು ಶರಣಬಸಮ್ಮ ಅಡುಗೆಮನೆಯ ಬಾಗಿಲಿನಿಂದ.

ಮಾಣಿಕಪ್ಪ ಸಲಾಕೆ ಹಿಡಿದೇ ಕೇಳಿದ: “ನಿನ್ನೆ ಹಳದಿ ಅಂಗಿ ಹಾಕ್ಕೊಂಡು ಒಳಗ ಹೋಗಿ ಮೂರು ಕಲ್ಲು ಎಬ್ಬಿಸಿದಾನಲ್ರಿ, ಕುಳ್ಳಗಾದಾನ, ಮೀಸಿ ಅದಾವ. ಅಂವ ಯಾರಂತ ಕೇಳಿದ್ರೇನ್ರಿ?”

“ಅಂವ ಲೈಸೆನ್ಸ್ ಮಂದಿ.”

“ಅಂವ ಸುರೇಶಕುಮಾರ. ನನ್ನ ಒಡಹುಟ್ಟಿದ ತಮ್ಮರಿ.”

ಗುರುಲಿಂಗಪ್ಪನವರ ಮೂವತ್ತಾರು ವರ್ಷದ ಅನುಭವ ಆ ಕ್ಷಣಕ್ಕೆ ಯಾವ ಕಲಮನ್ನೂ ಹುಡುಕಿಕೊಡಲಿಲ್ಲ. ಹಿಂದೆ ಮಡಿ ಎಂದು ಒಂದಿತ್ತು. ಈಗಿನವರಿಗೆ ಆ ಶಬ್ದ ಹೇಳಲು ನಾಚಿಕೆ, ಅದಕ್ಕೆ ಲೈಸೆನ್ಸ್ ಎನ್ನುತ್ತಾರೆ. ಹಳದಿ ಅಂಗಿ ತೊಟ್ಟರೆ ತಮ್ಮ ಶುದ್ಧ, ತೊಡದಿದ್ದರೆ ಅಣ್ಣ ಹೊರಗೆ.

“ಈ ಕೋಣಿ ಆಮ್ಯಾಲ ಕಟ್ಟಿದ್ದು ಅದರಿ,” ಮಾಣಿಕಪ್ಪ ಹೊಸ್ತಿಲನ್ನು ಸಲಾಕೆಯಿಂದ ಮುಟ್ಟಿ ತೋರಿಸಿದ. “ಪೈಪಿನ ಮ್ಯಾಲೇ ಗ್ವಾಡಿ ಏರಿಸ್ಯಾರ. ಇಲ್ಲೇ ಪೈಪು ತಿರುಗ್ತದ, ಆ ತಿರುವಿನಾಗೇ ಒಡದದ. ಕೋಣಿ ಕಟ್ಟಿದಾಗಿಂದ ನಿಮ್ಮ ದೇವ್ರು ನನ್ನ ಕೈಕೆಲಸದ ಮ್ಯಾಲೇ ಕುಂತಾನ, ಏನೂ ಆಗಿಲ್ಲ. ಇವತ್ತೂ ಆಗಂಗಿಲ್ಲ. ಸರೀರಿ.”

ಗುರುಲಿಂಗಪ್ಪನವರು ಸರಿದರು. ಒಂದೇ ಕಲ್ಲು ಎದ್ದಿತು. ಕೆಳಗೆ ಬಿರುಕು ಬಿಟ್ಟ ತಿರುವು ಪೈಪು, ಅವನು ಹೇಳಿದಲ್ಲೇ. ಮಧ್ಯಾಹ್ನದೊಳಗೆ ಟಾಕಿ ತುಂಬಿತು. ಅಡುಗೆಮನೆಯ ನಳ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು. ಆಗ ಮಾಣಿಕಪ್ಪನಿಗೆ ಹೆಂಡತಿಯ ಮಾತು ನೆನಪಾಯಿತು. ಪಾನಾ ಆಗಲೇ ಚೀಲ ಸೇರಿತ್ತು.

ಆದರೂ ಕಾಗದ ತೆಗೆದ. ಗುರುಲಿಂಗಪ್ಪನವರೂ ಉಪಕಾರ ಮರೆಯುವವರಲ್ಲ. ಬೇರೆ ಹಾಳೆ ತಂದು, ಶಿರಸ್ತೇದಾರರ ದುಂಡು ಅಕ್ಷರದಲ್ಲಿ ಬರೆದು, ಸಹಿ ಹಾಕಿ ಕೊಟ್ಟರು. ಮಾಣಿಕಪ್ಪ ನಿಧಾನವಾಗಿ ಓದಿದ: ‘ಸದರಿ ಮಾಣಿಕಪ್ಪ ಎಂಬಾತನು ಅಧಿಕೃತ ಪ್ಲಂಬರ್ ಶ್ರೀ ಶಂಕರಲಿಂಗ ಇವರ ಕೈಕೆಳಗೆ ಸಹಾಯಕನಾಗಿ ಕೆಲಸ ಮಾಡಿದ್ದು, ಈತನ ನಡತೆ ತೃಪ್ತಿಕರವಾಗಿರುತ್ತದೆ.’

ಶ್ರೀ ಶಂಕರಲಿಂಗ ಇವರು. ಮಾಣಿಕಪ್ಪ ಎಂಬಾತನು.

ಅವನು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. “ಇದು ನನ್ನ ಕಾಗದ ಅಲ್ಲರಿ ಸಾಹೇಬ್ರ. ಇದು ಶಂಕರಲಿಂಗನ ಕಾಗದ, ಅವರಿಗೇ ಕೊಡ್ರಿ.”

“ನಾ ಏನ್ ಮಾಡ್ಲಿ ಮಾಣಿಕ್ಯಾ? ಕಾಗದದ ಮ್ಯಾಲ ಇದ್ದಂಗೇ ನಡೀಬೇಕಲ್ಲ?”

“ಖರೇನಾ?” ಎಂದರು ಶರಣಬಸಮ್ಮ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಿದ್ದರು. “ಮಾಲೀಕರ ಸಹಿ ಬೇಕಂತ ಅದರಾಗ ಬರದದ, ಹೌದಲ್ಲ ಮಾಣಿಕಪ್ಪ?”

“ಹೌದ್ರಿ ಅಮ್ಮಾರ.”

“ಮತ್ತ ಇವರಿಗಿ ಯಾಕ ಕೇಳ್ಲಿಕತ್ತೀದಿ? ಈ ಮನಿ ಯಾರ ಹೆಸರಿಗದ?”

ನೌಕರಿಯಲ್ಲಿದ್ದವರು ಆಸ್ತಿಯನ್ನು ಹೆಂಡತಿಯ ಹೆಸರಿಗೆ ಮಾಡುವುದು ಜಾಣತನ ಎಂದು ಹಿರಿಯ ನೌಕರರು ಹೇಳಿಕೊಟ್ಟಿದ್ದರು. ಗುರುಲಿಂಗಪ್ಪನವರು ಅಂದು ಅದನ್ನು ಅಕ್ಷರಶಃ ಪಾಲಿಸಿದ್ದರು. ತಮ್ಮ ಹೆಸರು ಬರೆಸಿದ್ದು ಬಾಗಿಲ ಕಲ್ಲಿನ ಮೇಲೆ ಮಾತ್ರ.

“ಕಾಗದದ ಮ್ಯಾಲ ಮನಿ ನಂದದ,” ಎಂದರು ಆಕೆ. “ನೀವೇ ಮಾಡ್ಸಿದ್ದು. ಪೆನ್ ಕೊಡ್ರಿ.”

ಗುರುಲಿಂಗಪ್ಪನವರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಬೇರೆ ದಾರಿಯಿರಲಿಲ್ಲ, ಕಾಗದ ಹಾಗೆ ಹೇಳಿತ್ತು. ಶರಣಬಸಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹಾಕಿ, ಮತ್ತೊಮ್ಮೆ ಓದಿ, ತಲೆಯೆತ್ತಿ ಕೇಳಿದರು: “ನಿನ್ನ ಪೂರ್ತಿ ಹೆಸರು ಏನಂತ ಬರೀಲೋ ಮಾಣಿಕಪ್ಪ?”

“ಮಾಣಿಕಪ್ಪ ತಂದೆ ಭೀಮಶಾ ಅಂತ ಬರೀರಿ ಅಮ್ಮಾರ.” ಅವನು ಬಗ್ಗಿ ಒಂದೊಂದು ಅಕ್ಷರವೂ ಬೀಳುವುದನ್ನು ನೋಡಿದ.

ಆಮೇಲೆ ಚಹಾ ಬಂತು, ಸ್ಟೀಲಿನ ಗ್ಲಾಸಿನಲ್ಲಿ. ಗುರುಲಿಂಗಪ್ಪನವರು ಆ ಹೊತ್ತಿಗೆ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಅರ್ಜಿ ಕಚೇರಿಗೆ ಹೋಯಿತು. ಲೈಸೆನ್ಸ್ ಇನ್ನೂ ಬಂದಿಲ್ಲ, ಬರುತ್ತದೆ ಎನ್ನುತ್ತಾರೆ. ಬಂದರೆ ಕಟ್ಟು ಹಾಕಿಸುವುದಿಲ್ಲವಂತೆ, ಸಲಾಕೆಯ ಜೊತೆ ಚೀಲದಲ್ಲೇ ಇಟ್ಟುಕೊಳ್ಳುತ್ತಾನಂತೆ. ಗುರುಲಿಂಗಪ್ಪನವರು ಈ ವರ್ಷವೂ ಕಾಯಕದ ಮೇಲೆ ಮಾತಾಡಿದರು, ಶಾಲೂ ಬಂತು.

ಸುರೇಶಕುಮಾರ ಮಾತ್ರ ಇನ್ನೂ ಹಳದಿ ಅಂಗಿಯಲ್ಲೇ ಇದ್ದಾನೆ. ಅವನೂ ಅರ್ಜಿ ತಂದಿಟ್ಟುಕೊಂಡಿದ್ದಾನೆ. ಅವನಿಗೂ ಮೂರು ಸಹಿ ಬೇಕು. ಅವನಂಥವರು ಎಲ್ಲ ಊರಿನಲ್ಲೂ ಇದ್ದಾರೆ, ನಿಮ್ಮ ಮನೆಗೂ ಬಂದುಹೋಗಿದ್ದಾರೆ. ಈಗ ಪೇಪರು ಕೆಳಗಿಡಿ. ಮೊಬೈಲು ತೆಗೆಯಿರಿ. ‘ನಳ’, ‘ಪೈಪ್’, ‘ಸಂಡಾಸ್’ ಎಂದು ಬರೆದುಕೊಂಡ ಆ ನಂಬರಿಗೆ ಫೋನು ಹಚ್ಚಿ, ಪೂರ್ತಿ ಹೆಸರು ಕೇಳಿ. ಒಂದು ಹಾಳೆಯ ಮೇಲೆ ಆ ಹೆಸರು ಬರೆಯಿರಿ, ನಮ್ಮ ಮನೆಯ ಕೆಲಸ ಇವರೇ ಮಾಡಿದ್ದಾರೆ ಎಂದು ಬರೆಯಿರಿ, ಕೆಳಗೆ ನಿಮ್ಮ ಸಹಿ ಹಾಕಿ.