ನಮ್ಮ ಲೀಡರ್ ಮತ್ತು ಸೋಮವಾರದ ಶಿಬಿರ

ಅವಳ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದರಲ್ಲಿ ಬ್ಯಾಗು, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಫೋನು. ಟಿ. ನರಸೀಪುರದಿಂದ ನಂಜನಗೂಡಿನ ನಮ್ಮ ಕಾಲೇಜು ಮುಟ್ಟುವಷ್ಟರಲ್ಲಿ ನಾಲ್ಕಾರು ಜನರ ಜೊತೆ ಮಾತು ಮುಗಿಸಿರುತ್ತಿದ್ದಳು. ಅವಳು ನಮ್ಮ ಕ್ಲಾಸಿನ ಲೀಡರ್. ಯಾರೋ ಹುಡುಗ ಇದ್ದಾನೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಪಕ್ಕದಲ್ಲಿ ನಿಂತಾಗ ಕೇಳಿಸಿತು.

"ಮಾವ, ನೀವು ರಕ್ತ ಕೊಟ್ಟು ಮೂರು ತಿಂಗ್ಳು ದಾಟ್ತಲ್ಲ. ಗುರುವಾರ ಒಸಿ ಬಿಡುವು ಮಾಡ್ಕಳಿ. ಬೆಳಿಗ್ಗೆ ಬಸ್‌ಸ್ಟ್ಯಾಂಡ್ನಲ್ಲಿ ನಾನೇ ಕಾಯ್ತಿರ್ತೀನಿ."

ಅವಳ ತಮ್ಮನಿಗೆ ತಲಸೇಮಿಯಾ. ಅವನ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲ. ಮೂರು ವಾರಕ್ಕೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ ಏರಿಸಬೇಕು. ಯಾವ ಗುಂಪಿನವರಾದರೂ ಸರಿ, ಬದಲಿಗೆ ಒಬ್ಬರಿಂದ ರಕ್ತ ಕೊಡಿಸಿ ಎಂದು ಅಲ್ಲಿನ ರಕ್ತನಿಧಿಯವರು ಪ್ರತಿ ಸಲವೂ ಕೇಳುತ್ತಿದ್ದರು. ಕೊಟ್ಟವರು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು. ನೆಂಟರೆಲ್ಲ ಒಂದು ಸುತ್ತು ಮುಗಿದಿದ್ದರು. ದಿನಾಂಕ ಬರೆದಿಡುವ ನನ್ನ ಚಟ ಅವಳಿಗೆ ಇಷ್ಟವಾದದ್ದು ಅದಕ್ಕೇ. "ಏನೇನೋ ಬರ್ಕೋತಾ ಕೂರ್ತೀಯಲ್ಲ, ಯಾರು ಯಾವಾಗ ಕೊಟ್ರು ಅಂತಾನೂ ಬರ್ಕೊಳೇ" ಎಂದಳು. ನಾವು ಗೆಳತಿಯರಾದದ್ದು ಹಾಗೆ.

ಮದುವೆ ಮನೆಗೆ ಹೋದರೆ ಅವಳ ಕಣ್ಣು ಸೀರೆಯ ಮೇಲಾಗಲಿ ಒಡವೆಯ ಮೇಲಾಗಲಿ ನಿಲ್ಲುತ್ತಿರಲಿಲ್ಲ. ಸಾರು ಬಡಿಸಲು ಬಂದ ದಾಂಡಿಗನೊಬ್ಬನನ್ನು ತಡೆದು, "ಅಣ್ಣ, ನಿಮ್ ತೂಕ ಎಷ್ಟು?" ಎಂದು ಕೇಳಿದ್ದನ್ನು ಕಂಡಿದ್ದೇನೆ. ಅವನು ನಾಚಿ ಬಕೆಟ್ಟು ಕೆಳಗಿಟ್ಟ. ಎಲೆ ಎತ್ತುವಷ್ಟರಲ್ಲಿ ಅವನ ನಂಬರು ಇವಳ ಫೋನಿನಲ್ಲಿತ್ತು. "ನಾನು ಬಂದೆ ಅಂದ್ರೆ ನಮ್ ನೆಂಟ್ರೆಲ್ಲ ಹಿತ್ತಿಲಿಗೆ ಹೋಯ್ತಾರೆ ಕಣೇ" ಎಂದು ನಗುತ್ತಿದ್ದಳು. ನಗುತ್ತಲೇ ಮುಂದಿನ ನಂಬರು ಒತ್ತುತ್ತಿದ್ದಳು.

ನಾವು ಕೊನೆಯ ವರ್ಷಕ್ಕೆ ಬಂದಾಗ ರಕ್ತನಿಧಿಯ ಡಾಕ್ಟರು ಅವಳಿಗೆ ಒಂದು ಮಾತು ಕೊಟ್ಟರು: ಒಂದು ದೊಡ್ಡ ಶಿಬಿರ ಮಾಡಿಸಿದರೆ ತಮ್ಮನಿಗಾಗಿ ಒಂದು ವರ್ಷ ಯಾರನ್ನೂ ಕರೆತರಬೇಕಾಗಿಲ್ಲ.

"ಒಂದು ವರ್ಷ! ಸುಮ್ನೆ ಕಿಟಕಿ ನೋಡ್ಕಂಡು ಬಸ್ಸಲ್ಲಿ ಬತ್ತೀನಿ" ಎಂದಳು.

ನಂಜನಗೂಡು ತಾಲ್ಲೂಕಿನ ಹೆಡತಲೆ ಕಡೆಯ ಒಂದು ಊರಿನ ಯಜಮಾನರು ಒಪ್ಪಿದರು. ದಿನವನ್ನು ಹೇಳಿದವರೂ ಅವರೇ. "ಸೋಮ್ವಾರ ಮಡಿಕಳವ್ವ. ಅವತ್ತು ನಾವು ಎತ್ತಿನ ಎಗಲ ಮ್ಯಾಲೆ ನೊಗ ಇಕ್ಕಾಕಿಲ್ಲ. ಈಗೀಗ ಟ್ರ್ಯಾಕ್ಟರ್ಗೂ ರಜ ಕೊಟ್ಬುಟ್ಟಿದೀವಿ. ಗಂಡಸ್ರೆಲ್ಲ ಊರಲ್ಲೇ ಇರ್ತಾರೆ." ನಾವಿಬ್ಬರೂ ಮನೆಮನೆಗೆ ಹೋಗಿ ಹೇಳಿ ಬಂದೆವು.

ಆ ಸೋಮವಾರ ಜನ ನಿಜವಾಗಿಯೂ ಬಂದರು. ಸಮುದಾಯ ಭವನದ ಮುಂದೆ ಸಾಲು ನಿಂತಿತ್ತು. ಎಲ್ಲರೂ ಸ್ನಾನ ಮಾಡಿದ್ದರು, ಹಣೆತುಂಬ ವಿಭೂತಿ, ಒಗೆದ ಪಂಚೆ. ಲೀಡರ್ ನನ್ನ ಕೈ ಹಿಸುಕಿ ಹಿಸುಕಿ ಬಿಡುತ್ತಿದ್ದಳು.

ಡಾಕ್ಟರು ಮೊದಲನೆಯವರನ್ನು ಕೇಳಿದರು, "ತಿಂಡಿ ಏನು ತಿಂದ್ರಿ?"

"ತಿಂಡಿಯಾ? ಸೋಮ್ವಾರ ಅಲ್ವಾ ಸಾ? ಒಪ್ಪತ್ತು. ಸಂಜೆ ಪೂಜೆ ಆದ್ಮೇಲೇ ಊಟ."

ಎರಡನೆಯವರೂ ಹಾಗೇ, ಮೂರನೆಯವರೂ ಹಾಗೇ. ಬೇರೆ ಸೋಮವಾರ ಉಪವಾಸ ಮಾಡದವರೂ ಅಂದು ಬೇಕೆಂದೇ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. "ಪುಣ್ಯದ್ ಕೆಲ್ಸ ಅಲ್ವಾ ಸಾ, ಉಂಡ್ಕಂಡು ಬರಾದಾ?" ಎಂದು ಒಬ್ಬರು ಡಾಕ್ಟರನ್ನೇ ಗದರಿದರು. ಖಾಲಿ ಹೊಟ್ಟೆಯವರಿಂದ ತೆಗೆದರೆ ತಲೆ ತಿರುಗಿ ಬೀಳುತ್ತಾರೆ, ತೆಗೆಯುವುದಿಲ್ಲ ಎಂದರು ಡಾಕ್ಟರು. ಲೀಡರ್ ಟಿ. ನರಸೀಪುರದ ಕಡೆಯ ಒಕ್ಕಲು ಮನೆಯವಳು. ಅವರಲ್ಲಿ ಸೋಮವಾರವೂ ಬೆಳಿಗ್ಗೆಯೇ ಮುದ್ದೆ. ನಾನು ತಾಂಡ್ಯದ ಫ್ಯಾಕ್ಟರಿ ಕೆಲಸದವರ ಮಗಳು. ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ.

ಯಜಮಾನರು ಟವೆಲ್ಲು ಹಿಂಡುತ್ತಾ ನಿಂತರು. "ಬುದ್ಧಿ ಬಂದಾಗ್ಲಿಂದ ಬುಟ್ಟಿಲ್ಲ ಕಣವ್ವ. ಆದ್ರೂ ನೀನು ಒಂದ್ ಮಾತು ಯೋಳು. ಉಣ್ಣಿ ಅಂದ್ರೆ ಎಲ್ರುನೂವೆ ಉಣ್ಣುಸ್ತೀನಿ."

ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಗುರುತಿಲ್ಲದ ಗಂಡಸಿನ ತೂಕ ಕೇಳಬಲ್ಲವಳು ಅವಳು. ಕೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡಿ ತಾತ. ಇನ್ನೊಂದ್ ದಿನ ನೋಡುವ."

ಉಂಡಿದ್ದ ಕೆಲವರು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ವ್ಯಾನು ಹೊರಟಿತು. "ಇಷ್ಟಕ್ಕೆ ಒಂದು ವರ್ಷ ಆಗಲ್ಲಮ್ಮ" ಎಂದರು ಡಾಕ್ಟರು. ಒರಟಾಗಿಯೇನೂ ಅಲ್ಲ.

ಬಸ್ಸಿನಲ್ಲಿ ನಾನು ರೇಗಿದೆ, "ಒಂದು ಮಾತು ಅಂದಿದ್ರೆ ಉಣ್ತಿದ್ರಲ್ಲೇ!"

"ನನ್ ತಮ್ಮಂಗೆ ಅಂತ ಅವರ ರಕ್ತ ಕೇಳ್ಬೌದು ಕಣೇ. ದೇವ್ರಿಗೆ ಅಂತ ಇಟ್ಕಂಡಿರೋದ ಬಿಡಿ ಅನ್ನಕಾಯ್ತದಾ?" ಎಂದಳು. ಅಷ್ಟರಲ್ಲಿ ಫೋನು ಬಂತು. ಮುಂದಿನ ಗುರುವಾರಕ್ಕೆ ಒಪ್ಪಿದ್ದವನು ಬರುವುದಿಲ್ಲವಂತೆ.

ಬೇರೆ ದಿನ ಗಂಡಸರೆಲ್ಲ ಹೊಲಕ್ಕೆ ಹೋಗುತ್ತಿದ್ದರಿಂದ ಇನ್ನೊಂದು ಶಿಬಿರ ಕೂಡಿಬರಲಿಲ್ಲ. ಯಜಮಾನರು ವಯಸ್ಸು ಮೀರಿದವರು, ತಾವು ಕೊಡುವಂತಿರಲಿಲ್ಲ. ಆದರೆ ಆಮೇಲೆ ಊರಿನಿಂದ ಒಬ್ಬೊಬ್ಬರನ್ನೇ ಮೈಸೂರಿಗೆ ಕಳಿಸತೊಡಗಿದರು. ಅದಕ್ಕೂ ಅವಳೇ ಫೋನ್ ಮಾಡಬೇಕು, ಅವಳೇ ನೆನಪಿಸಬೇಕು. ಧಾರವಾಡದಲ್ಲಿ ಅವಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿದಾಗ ಮನೆಯಲ್ಲಿ ಹೇಳಿರಲೇ ಇಲ್ಲ. "ಅಲ್ಲಿಂದ ಫೋನ್ ಏನೋ ಮಾಡ್ಬೌದು. ಬರ್ತೀನಿ ಅಂದೋನು ಕೈಕೊಟ್ರೆ ಯಾರ ಮನೆ ಬಾಗ್ಲಿಗೆ ಓಡೋದು?" ಎಂದಳು. ನಾನು ಓಡುತ್ತೇನೆ ಎಂದೆ. ಅವಳು ನಂಬಲಿಲ್ಲ. ಮೂರು ಸಲ ನನ್ನಿಂದಲೇ ಎಲ್ಲ ಮಾಡಿಸಿ, ತಾನು ದೂರ ನಿಂತು ನೋಡಿದ ಮೇಲೆಯೇ ಧಾರವಾಡದ ಬಸ್ಸು ಹತ್ತಿದ್ದು.

ಯಾರ ಬಳಿಯೂ ಏನೂ ಕೇಳದೆ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಅದನ್ನೇ ಮರ್ಯಾದೆ ಎನ್ನುತ್ತಿದ್ದರು. ಕೇಳುವುದನ್ನೂ, ಎಲ್ಲಿ ಕೇಳಬಾರದು ಎನ್ನುವುದನ್ನೂ ಕಲಿಸಿದವಳು ಅವಳು. ಅವಳು ಆ ಫೋನಿಗೆ ಹೇಗೆ ಕಟ್ಟಿಬಿದ್ದಿದ್ದಳು ಎಂದು ತಿಳಿದದ್ದು ಮಾತ್ರ ಆ ಕೆಲಸ ನನ್ನ ಕೈಗೆ ಬಂದ ಮೇಲೆ.

ಕಳೆದ ಗುರುವಾರ ಆಸ್ಪತ್ರೆಯ ಬೆಂಚಿನಲ್ಲಿ ಅವಳ ತಮ್ಮ ನನಗೊರಗಿ ಕೂತಿದ್ದ. ಅವನ ತುಟಿ, ಉಗುರು ಎಲ್ಲ ಬಿಳಚಿತ್ತು. ರಕ್ತ ಕೊಡಲು ಬರುತ್ತೇನೆ ಎಂದಿದ್ದವನು ಬೆಳಿಗ್ಗೆಯೇ ಕೈಕೊಟ್ಟಿದ್ದ.

"ಅಕ್ಕ, ಈ ಸಲ ಯಾರಾರ ಸಿಕ್ಕಿದ್ರಾ?"

"ಸಿಕ್ಕಿದ್ರು ಕಣೋ. ದಾರೀಲಿ ಬತ್ತಾವ್ರೆ" ಎಂದೆ.

ಅವನು ಕಣ್ಣು ಮುಚ್ಚಿದ. ನಾನು ಮೆಲ್ಲಗೆ ಎದ್ದು, ಅವನಿಗೆ ಕೇಳಿಸದಷ್ಟು ದೂರ ಹೋಗಿ ಯಜಮಾನರ ನಂಬರು ಒತ್ತಿದೆ.